ನಡವಳಿ ಪುಸ್ತಕದಲ್ಲಿ ಒಂದು ಪಟ್ಟಣ



ಬೆಳಿಗ್ಗೆ ಮನೆಯಿಂದ ಹೊರಟು ಶಾಲೆಗೋ ಕಾಲೇಜಿಗೋ ತಲುಪುವಷ್ಟರಲ್ಲಿ ನೀವು ಎಷ್ಟು ಸಾರ್ವಜನಿಕ ಸೌಕರ್ಯಗಳನ್ನು ಬಳಸುತ್ತೀರಿ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ನಲ್ಲಿಯ ನೀರು, ಮನೆಯ ಮುಂದಿನ ಚರಂಡಿ, ಗುಡಿಸಿದ ಬೀದಿ, ರಾತ್ರಿಯಿಡೀ ಉರಿದ ದೀಪ, ದಾರಿಯಲ್ಲಿನ ಮಾರುಕಟ್ಟೆ. ಇವು ಯಾವುವೂ ತಾವಾಗಿ ಬಂದವಲ್ಲ. ಎಂದೋ ಒಂದು ದಿನ ಕೆಲವರು ಒಂದು ಮೇಜಿನ ಸುತ್ತ ಕುಳಿತು, ಚರ್ಚೆ ಮಾಡಿ, ಹಣದ ಲೆಕ್ಕ ಹಾಕಿ, ಒಪ್ಪಿ, ಬರೆದಿಟ್ಟ ಮಾತುಗಳಿಂದ ಬಂದವು. ಆ ಮಾತುಗಳನ್ನು ಬರೆದಿಡುವ ಪುಸ್ತಕಕ್ಕೆ ನಡವಳಿ ಪುಸ್ತಕ ಎಂದು ಹೆಸರು. ನೂರು ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಚಿಕ್ಕ ಪಟ್ಟಣದ ಸಭೆ ತನ್ನ ದಿನನಿತ್ಯದ ಕೆಲಸವನ್ನು ಹೇಗೆ ನಡೆಸುತ್ತಿತ್ತು ಎಂಬುದನ್ನು ಇಂದು ನೋಡೋಣ.

ಆಗ ಕನ್ನಡ ನಾಡು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಆಡಳಿತಕ್ಕೊಂದು ಕಾನೂನು. ನಾನು ಹೆಚ್ಚಾಗಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಹುಬ್ಬಳ್ಳಿಯ ಕಡೆಯ ಪಟ್ಟಣಗಳ ವಿಷಯ ಹೇಳುತ್ತೇನೆ. ಅಲ್ಲಿ ಮುನಸಿಪಾಲಿಟಿಗಳು ಹುಟ್ಟಿದ್ದು 1850ರ ಕಾನೂನಿನ ಪ್ರಕಾರ. ಊರಿನ ಜನ ಬೇಕೆಂದು ಕೇಳಿಕೊಂಡರೆ ಸರಕಾರ ಅಲ್ಲಿ ಒಂದು ಸಮಿತಿ ನೇಮಿಸಬಹುದು. ಆ ಸಮಿತಿ ತೆರಿಗೆ ಎತ್ತಿ ಊರಿನ ಸುಧಾರಣೆ ಮಾಡಬಹುದು ಎಂಬುದು ಅದರ ಸಾರಾಂಶ. ಹುಬ್ಬಳ್ಳಿ, ಧಾರವಾಡಗಳಲ್ಲಿ 1850ರ ದಶಕದಲ್ಲೇ ಇಂಥ ಮುನಸಿಪಾಲಿಟಿಗಳು ಬಂದವು. ಮೈಸೂರು ಸೀಮೆಯ ಬೆಂಗಳೂರಿನಲ್ಲಿ ಬಂದದ್ದು 1862ರಲ್ಲಿ.

ಮೊದಲಿಗೆ ಇವು ಅಧಿಕಾರಿಗಳ ಸಭೆಗಳೇ ಆಗಿದ್ದವು. 1882ರ ಮೇ 18ರಂದು ಗವರ್ನರ್ ಜನರಲ್ ಲಾರ್ಡ್ ರಿಪನ್ ಹೊರಡಿಸಿದ ನಿರ್ಣಯ ಇದನ್ನು ಬದಲಿಸಲು ಹೊರಟಿತು. ಸಭೆಯಲ್ಲಿ ಅಧಿಕಾರಿಗಳ ಪಾಲು ಮೂರರಲ್ಲಿ ಒಂದನ್ನು ಮೀರಬಾರದು, ಸಾಧ್ಯವಾದ ಕಡೆ ಅಧ್ಯಕ್ಷರೂ ಸರಕಾರಿ ಅಧಿಕಾರಿ ಆಗಿರಬಾರದು ಎಂದು ಅದು ಹೇಳಿತು. ಜನರಿಗೆ ರಾಜಕೀಯ ಶಿಕ್ಷಣ ದೊರೆಯುವುದೇ ಇದರ ಮುಖ್ಯ ಉದ್ದೇಶ ಎಂದು ರಿಪನ್ ಒತ್ತಿ ಹೇಳಿದ್ದರು. ಮುಂಬಯಿ ಪ್ರಾಂತ್ಯದಲ್ಲಿ 1884ರಲ್ಲಿ ಹೊಸ ಕಾನೂನು ಬಂತು, 1901ರಲ್ಲಿ ಇನ್ನೂ ವಿವರವಾದದ್ದು. ಆದರೂ ಚಿಕ್ಕ ಊರುಗಳಲ್ಲಿ ಬಹಳ ಕಾಲ ತಾಲ್ಲೂಕಿನ ಅಧಿಕಾರಿಯೇ ಅಧ್ಯಕ್ಷರ ಕುರ್ಚಿಯಲ್ಲಿ ಇರುತ್ತಿದ್ದುದುಂಟು. ಮತ ಹಾಕುವ ಹಕ್ಕು ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗೆ ಮಾತ್ರ. ಅಂಗಡಿಕಾರರು, ವಕೀಲರು, ಇನಾಮದಾರರು ಸದಸ್ಯರಾಗುತ್ತಿದ್ದರು. ಊರಿನ ಬಹುಪಾಲು ಜನ ಸಭೆಯ ಬಾಗಿಲ ಹೊರಗೇ ಉಳಿಯುತ್ತಿದ್ದರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸೋಣ. ಒಂದು ಓಣಿಯ ಬಾವಿಯ ಕಟ್ಟೆ ಕುಸಿದಿದೆ ಎಂದುಕೊಳ್ಳಿ. ಓಣಿಯವರು ಅರ್ಜಿ ಬರೆಯಿಸಿ ಸಹಿ ಹಾಕುತ್ತಾರೆ, ಬರಹ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಕಚೇರಿಯ ಕಾರಕೂನ ಅದನ್ನು ಆವಕ ಪುಸ್ತಕದಲ್ಲಿ ದಾಖಲು ಮಾಡಿ ನಂಬರು ಕೊಡುತ್ತಾನೆ. ಅರ್ಜಿ ಸಭೆಯ ಮುಂದೆ ಬರುತ್ತದೆ. ಅಗತ್ಯವಾದಷ್ಟು ಸದಸ್ಯರು ಹಾಜರಿಲ್ಲದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ಇದ್ದರೆ ಚರ್ಚೆಯಾಗಿ ಠರಾವು ಆಗುತ್ತದೆ. ಖರ್ಚಿನ ಅಂದಾಜು ಪಟ್ಟಿ ತಯಾರಾಗಬೇಕು. ಆ ವರ್ಷದ ಬಜೆಟ್ಟಿನಲ್ಲಿ ಹಣ ಇದೆಯೇ ಎಂದು ನೋಡಬೇಕು. ಕೆಲಸ ಗುತ್ತಿಗೆಗೆ ಕೊಡಬೇಕು. ಮುಗಿದ ಮೇಲೆ ಅಳತೆ ಮಾಡಿ, ಬಿಲ್ಲು ಮಂಜೂರು ಮಾಡಿ, ಹಣ ಕೊಟ್ಟು ರಸೀದಿ ಪಡೆಯಬೇಕು. ವರ್ಷದ ಕೊನೆಯಲ್ಲಿ ಇದೆಲ್ಲ ಲೆಕ್ಕ ತಪಾಸಣೆಗೆ ಒಳಗಾಗಬೇಕು.

ಒಂದು ಬಾವಿಕಟ್ಟೆಗೆ ಇಷ್ಟೊಂದು ರಗಳೆಯೇ ಎಂದು ನಿಮಗೆ ಅನಿಸಬಹುದು. ತಡ ಆಗುತ್ತಿತ್ತು ನಿಜ. ಆದರೆ ಖರ್ಚಾಗುವ ಹಣ ಯಾರೊಬ್ಬರದೂ ಅಲ್ಲ, ಎಲ್ಲರದು. ಅದನ್ನು ಯಾರು ಕೇಳಿದರು, ಯಾರು ಒಪ್ಪಿದರು, ಯಾರು ತೆಗೆದುಕೊಂಡರು ಎಂಬುದು ಕಾಗದದ ಮೇಲೆ ಇರಬೇಕು. ಬರೆದಿದ್ದರೆ ಮಾತ್ರ ನಾಳೆ ಯಾರಾದರೂ ಪ್ರಶ್ನೆ ಕೇಳಲು ಸಾಧ್ಯ.

ಹಣ ಎಲ್ಲಿಂದ ಬರುತ್ತಿತ್ತು? ಮುಂಬಯಿ ಪ್ರಾಂತ್ಯದ ಪಟ್ಟಣಗಳಿಗೆ ಮುಖ್ಯ ಆದಾಯ ಜಕಾತಿ. ಊರೊಳಗೆ ಬರುವ ದವಸ, ತುಪ್ಪ, ಬೆಲ್ಲ, ಬಟ್ಟೆಗಳ ಮೇಲೆ ಊರ ಬಾಗಿಲಲ್ಲೇ ವಸೂಲು ಮಾಡುವ ಸುಂಕ ಇದು. ನಾಕಾದಲ್ಲಿ ಗಾಡಿ ನಿಲ್ಲಬೇಕು, ಕಾರಕೂನ ಮಾಲು ನೋಡಬೇಕು, ಹಣ ಪಡೆದು ಪಾವತಿ ಕೊಡಬೇಕು. ಮಾಲು ಊರಲ್ಲಿ ಉಳಿಯದೆ ಮುಂದಿನ ಊರಿಗೆ ಹೋಗುವುದಾದರೆ ಕಟ್ಟಿದ ಹಣ ಮರಳಿ ಪಡೆಯುವ ಏರ್ಪಾಡೂ ಇರುತ್ತಿತ್ತು. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಲೆಕ್ಕದ ಪುಸ್ತಕದ ಪ್ರತಿ ಪುಟದಲ್ಲೂ ರೂಪಾಯಿ, ಆಣೆ, ಪೈ ಎಂದು ಮೂರು ಕಂಬಗಳು. ಕೂಡುವಾಗ ಒಂದು ಕಂಬದಲ್ಲಿ 12ಕ್ಕೆ ದಶಕ, ಇನ್ನೊಂದರಲ್ಲಿ 16ಕ್ಕೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೂ ಕಾರಕೂನರು ಈ ಗಣಿತವನ್ನು ಬಾಯಲ್ಲೇ ಮಾಡುತ್ತಿದ್ದರು.

ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಮಂಗಳೂರು, ಬಳ್ಳಾರಿಗಳಲ್ಲಿ ಈ ಜಕಾತಿ ಇರಲಿಲ್ಲ. ಅಲ್ಲಿ ಮನೆ ತೆರಿಗೆ, ವೃತ್ತಿ ತೆರಿಗೆ, ದಾರಿಯ ಟೋಲುಗಳೇ ಆಧಾರ. ಎರಡರಲ್ಲೂ ಗುಣದೋಷಗಳಿದ್ದವು. ಜಕಾತಿ ಕೊಟ್ಟದ್ದು ಜನರಿಗೆ ಗೊತ್ತಾಗದು, ಏಕೆಂದರೆ ಅದು ಬೆಲ್ಲದ ಬೆಲೆಯಲ್ಲೇ ಸೇರಿರುತ್ತದೆ. ಹಾಗಾಗಿ ವಿರೋಧ ಕಡಿಮೆ. ಆದರೆ ಬಡವನೂ ಬೆಲ್ಲ ತಿನ್ನುತ್ತಾನಲ್ಲ. ಅದರ ಭಾರ ಅವನ ಮೇಲೂ ಬೀಳುತ್ತದೆ. ಮನೆ ತೆರಿಗೆ ಮನೆಯಿದ್ದವನ ಕಣ್ಣಿಗೆ ಕುಕ್ಕುತ್ತದೆ. ಸಭೆಯಲ್ಲಿ ಕುಳಿತವರು ಮನೆ ಮಾಲೀಕರೇ ಆದಾಗ ಯಾವ ತೆರಿಗೆ ಅವರಿಗೆ ಇಷ್ಟವಾಗುತ್ತದೆ ಎಂಬುದನ್ನು ನೀವೇ ಊಹಿಸಿ. ಕರ್ನಾಟಕದಲ್ಲಿ ಜಕಾತಿ ರದ್ದಾದದ್ದು 1979ರಲ್ಲಿ. ಹಲವು ಊರುಗಳಲ್ಲಿ ನಾಕಾ ಎಂಬ ಹೆಸರು ಮಾತ್ರ ಬಸ್ ನಿಲ್ದಾಣಕ್ಕೆ ಅಂಟಿಕೊಂಡು ಉಳಿದಿದೆ.

ಇನ್ನು ಬೀದಿದೀಪದ ವಿಷಯ. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ಬಂದದ್ದು 1905ರಲ್ಲಿ. ಚಿಕ್ಕ ಪಟ್ಟಣಗಳಿಗೆ ಅದು ತಲುಪಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ಸೀಮೆಎಣ್ಣೆಯ ದೀಪಗಳೇ ಗತಿ. ಸಂಜೆ ದೀಪದವನು ಹೆಗಲ ಮೇಲೆ ಏಣಿ, ಕೈಯಲ್ಲಿ ಎಣ್ಣೆ ಡಬ್ಬಿ ಹಿಡಿದು ಬರುತ್ತಿದ್ದ. ಗಾಜು ಒರೆಸಿ, ಬತ್ತಿ ಕತ್ತರಿಸಿ, ದೀಪ ಹಚ್ಚಿ ಮುಂದಿನ ಕಂಬಕ್ಕೆ ಹೋಗುತ್ತಿದ್ದ. ಎಣ್ಣೆಯ ಖರ್ಚು ಉಳಿಸಲು ಅನೇಕ ಊರುಗಳಲ್ಲಿ ಬೆಳದಿಂಗಳ ರಾತ್ರಿ ದೀಪ ಹಚ್ಚುತ್ತಿರಲಿಲ್ಲ.

ಇದರ ಹಿಂದಿನ ಖಗೋಳ ವಿಜ್ಞಾನವನ್ನು ಗಮನಿಸಿ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಹುಟ್ಟುತ್ತಾನೆ. ಆ ಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾ ಹೋಗುತ್ತಾನೆ. ಬಹುಳ ಅಷ್ಟಮಿಯ ಹೊತ್ತಿಗೆ ಚಂದ್ರೋದಯ ನಡುರಾತ್ರಿಗೆ. ಶುದ್ಧ ಅಷ್ಟಮಿಯಂದು ಸಂಜೆಗೇ ನೆತ್ತಿಯ ಮೇಲಿರುವ ಚಂದ್ರ ನಡುರಾತ್ರಿಗೆ ಮುಳುಗುತ್ತಾನೆ. ಹೀಗೆ ಪಂಚಾಂಗ ನೋಡಿ ಎಣ್ಣೆಯ ಲೆಕ್ಕ ಹಾಕಬಹುದಿತ್ತು. ಒಂದೇ ತೊಂದರೆ: ಪಂಚಾಂಗಕ್ಕೆ ಮೋಡ ಕಾಣುವುದಿಲ್ಲ. ಆಷಾಢದ ಹುಣ್ಣಿಮೆಯ ರಾತ್ರಿ ಲೆಕ್ಕದ ಪ್ರಕಾರ ಊರಲ್ಲಿ ಬೆಳದಿಂಗಳು, ಬೀದಿಯಲ್ಲಿ ಕಗ್ಗತ್ತಲೆ!

ನೀರಿನ ವಿಷಯದಲ್ಲಿ ಲೆಕ್ಕ ತಪ್ಪಿದರೆ ಜೀವಕ್ಕೇ ಅಪಾಯ. ಕಾಲರಾ ಬರುವುದು ಒಂದು ಸೂಕ್ಷ್ಮಜೀವಿಯಿಂದ ಎಂದು ರಾಬರ್ಟ್ ಕಾಖ್ 1884ರ ಹೊತ್ತಿಗೆ ಈಜಿಪ್ಟ್ ಮತ್ತು ಕಲ್ಕತ್ತೆಗಳಲ್ಲಿ ನಡೆಸಿದ ಶೋಧನೆಯಿಂದ ತೋರಿಸಿದರು. 1890ರ ದಶಕದಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುವ ಉಪಾಯವನ್ನು ಪ್ರಚಾರಕ್ಕೆ ತಂದರು. ನಿಮ್ಮ ಪ್ರಯೋಗಶಾಲೆಯಲ್ಲಿ ನೇರಳೆ ಬಣ್ಣದ ಹರಳಾಗಿ ಕಾಣುವ ವಸ್ತು ಇದೇ. ನೀರಿನಲ್ಲಿ ಕೊಳೆತ ಪದಾರ್ಥವಿದ್ದರೆ ಅದನ್ನು ಉತ್ಕರ್ಷಿಸುತ್ತಾ ಇದು ತನ್ನ ಬಣ್ಣ ಕಳೆದುಕೊಳ್ಳುತ್ತದೆ. ಆದ್ದರಿಂದ ಬಣ್ಣ ಬೇಗನೆ ಮಾಯವಾದರೆ ಇನ್ನಷ್ಟು ಹಾಕಬೇಕು. ತಿಳಿ ಗುಲಾಬಿ ಬಣ್ಣ ಉಳಿದುಕೊಂಡರೆ ಸಾಕು. ಅಳೆಯುವ ಯಂತ್ರವಿಲ್ಲದ ಊರಿನಲ್ಲಿ ಮುನಸಿಪಾಲಿಟಿಯ ಸೇವಕನೊಬ್ಬ ಕಣ್ಣಿನಿಂದಲೇ ಮಾಡಬಹುದಾದ ರಸಾಯನ ಪರೀಕ್ಷೆ ಇದು. ಆದರೆ ಬಣ್ಣದ ನೀರು ಕಂಡು ಜನ ಗಾಬರಿಯಾಗಬಾರದಲ್ಲ? ಅದಕ್ಕೆ ಮೊದಲೇ ತಿಳಿಯಹೇಳಬೇಕಿತ್ತು. ಪತ್ರಿಕೆ ಓದುವವರು ಎಷ್ಟು ಮಂದಿ? ಡಂಗುರ ಸಾರುವುದೇ ಅಂದಿನ ಪ್ರಸಾರ.

ಇವಲ್ಲದೆ ದೇವಿ ಹಾಕಿಸುವುದು, ಹುಟ್ಟು ಸಾವು ಬರೆದಿಡುವುದು, ಸಂತೆಯ ಕಟ್ಟೆ ನೋಡಿಕೊಳ್ಳುವುದು, ಪ್ರಾಥಮಿಕ ಶಾಲೆ ನಡೆಸುವುದು, ಸ್ಮಶಾನದ ಜಾಗ ಗೊತ್ತುಮಾಡುವುದು, ಎಲ್ಲವೂ ಆ ಸಭೆಯ ಪಾಲಿನ ಕೆಲಸಗಳೇ. ಪ್ರತಿದಿನ ಬೆಳಗಾಗುವ ಮೊದಲೇ ಊರಿನ ಕಕ್ಕಸುಗಳನ್ನು ಶುಚಿ ಮಾಡಿ ಮಲ ಹೊತ್ತೊಯ್ಯುವ ಕೆಲಸವೂ ನಡೆಯುತ್ತಿತ್ತು. ಅದನ್ನು ಮಾಡಿದವರು ಜಾತಿಯ ಕಾರಣಕ್ಕೆ ಆ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟವರು. ಲೆಕ್ಕಪತ್ರಗಳಲ್ಲಿ ಅವರು ಕಾಣುವುದು ತಲೆಯೆಣಿಕೆಯಾಗಿ, ಸಂಬಳದ ಮೊತ್ತವಾಗಿ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ದೇಶಕ್ಕೆ ಅನ್ವಯಿಸುವ ಕಾನೂನುಗಳು ಬಂದದ್ದು 1993ರಲ್ಲಿ ಮತ್ತು 2013ರಲ್ಲಿ.

ಸಭೆಯ ಹೊರಗೆ ಉಳಿದವರ ಮಾತು ನೆನಪಿಡಿ ಎಂದಿದ್ದೆ. ಮುಂಬಯಿ ಪ್ರಾಂತ್ಯದ್ದೇ ಆದ, ಕೊಂಕಣದ ಮಹಾಡ್ ಎಂಬ ಚಿಕ್ಕ ಪಟ್ಟಣಕ್ಕೆ ಈಗ ಹೋಗೋಣ. ಅಲ್ಲಿ ಚವದಾರ್ ಎಂಬ ಕೆರೆ. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನ ಅದರ ನೀರು ಮುಟ್ಟುವಂತಿರಲಿಲ್ಲ. 1923ರಲ್ಲಿ ಎಸ್. ಕೆ. ಬೋಲೆ ಎಂಬವರು ಮಂಡಿಸಿದ ನಿರ್ಣಯವನ್ನು ಮುಂಬಯಿ ಶಾಸನ ಪರಿಷತ್ತು ಒಪ್ಪಿತು: ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕು. ಅದನ್ನನುಸರಿಸಿ 1924ರಲ್ಲಿ ಮಹಾಡ್ ಮುನಸಿಪಾಲಿಟಿ ಕೆರೆ ಎಲ್ಲರಿಗೂ ಮುಕ್ತ ಎಂದು ಠರಾವು ಮಾಡಿತು. ನಡವಳಿ ಪುಸ್ತಕದಲ್ಲಿ ಕೆರೆ ತೆರೆಯಿತು, ಊರಿನಲ್ಲಿ ತೆರೆಯಲಿಲ್ಲ. ಮೂರು ವರ್ಷ ಯಾರೂ ನೀರು ಮುಟ್ಟುವ ಹಾಗಾಗಲಿಲ್ಲ.

1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರ ನೇತೃತ್ವದಲ್ಲಿ ಸಾವಿರಾರು ಜನ ಮೆರವಣಿಗೆಯಲ್ಲಿ ಹೋಗಿ ಆ ಕೆರೆಯ ನೀರು ಕುಡಿದರು. ಅವರು ಬಳಸಿದ್ದು ಮುನಸಿಪಾಲಿಟಿಯೇ ಬರೆದುಕೊಟ್ಟ ಹಕ್ಕನ್ನು. ಅವರ ಮೇಲೆ ಹಲ್ಲೆ ನಡೆಯಿತು, ಕೆರೆಗೆ ‘ಶುದ್ಧಿ’ ಮಾಡಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮುನಸಿಪಾಲಿಟಿ ತನ್ನ ಠರಾವನ್ನೇ ಹಿಂದಕ್ಕೆ ಪಡೆಯಿತು. ವಿವಾದ ನ್ಯಾಯಾಲಯಕ್ಕೆ ಹೋಯಿತು. ಅನಾದಿ ಕಾಲದಿಂದ ಬಂದ ರೂಢಿ ಎಂಬುದು ಸಾಬೀತಾಗಿಲ್ಲ ಎಂದು 1937ರಲ್ಲಿ ಮುಂಬಯಿ ಹೈಕೋರ್ಟು ಹೇಳಿ, ನೀರು ನಿರಾಕರಿಸಿದವರ ಮೇಲ್ಮನವಿಯನ್ನು ತಳ್ಳಿಹಾಕಿತು. ಒಂದು ಠರಾವು ಸತ್ಯವಾಗಲು 13 ವರ್ಷ ಬೇಕಾಯಿತು.

ಮಿತ್ರರೇ, ಠರಾವು ಎಂದರೆ ಊರು ತನಗೆ ತಾನೇ ಕೊಟ್ಟುಕೊಂಡ ಮಾತು. ಬರೆಯದಿದ್ದರೆ ಆ ಮಾತಿಗೆ ಆಧಾರವಿಲ್ಲ. ಬರೆದಿಟ್ಟೂ ಯಾರೂ ಕೇಳದಿದ್ದರೆ ಅದಕ್ಕೆ ಜೀವವಿಲ್ಲ. ಪುಸ್ತಕದಲ್ಲಿ ಏನು ಬರೆಯಲಾಗುತ್ತದೆ ಎಂಬುದು ಮೇಜಿನ ಸುತ್ತ ಯಾರು ಕುಳಿತಿದ್ದಾರೆ ಎಂಬುದನ್ನು ಅವಲಂಬಿಸಿದೆ.

ಆ ಮೇಜು ಈಗ ದೊಡ್ಡದಾಗಿದೆ. ಸ್ವತಂತ್ರ ಭಾರತದ ಸಂವಿಧಾನ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಕೊಟ್ಟಿತು. ಏಕೀಕರಣದ ನಂತರ, 1964ರ ಪುರಸಭೆಗಳ ಕಾನೂನು ನಾಡಿನ ಪಟ್ಟಣಗಳನ್ನು ಒಂದೇ ನಿಯಮದಡಿ ತಂದಿತು. 1992ರ ಸಂವಿಧಾನದ 74ನೆಯ ತಿದ್ದುಪಡಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಜನಸಂಖ್ಯೆಗೆ ತಕ್ಕ ಸ್ಥಾನಗಳನ್ನೂ, ಮಹಿಳೆಯರಿಗೆ ಕನಿಷ್ಠ ಮೂರನೆಯ ಒಂದು ಭಾಗವನ್ನೂ ಮೀಸಲಿಟ್ಟಿತು. 2005ರ ಮಾಹಿತಿ ಹಕ್ಕು ಕಾನೂನಿನಿಂದ ಸಭೆಯ ನಡವಳಿಯ ಪ್ರತಿಯನ್ನು ಯಾವ ನಾಗರಿಕರಾದರೂ ಕೇಳಿ ಪಡೆಯಬಹುದು.

ನಿಮಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಅಧ್ಯಾಪಕರ ನೆರವಿನಿಂದ ನಿಮ್ಮ ಊರಿನ ಪುರಸಭೆಯ ಒಂದು ವರ್ಷದ ನಡವಳಿ ಓದಿ. ನಿಮ್ಮ ಬೀದಿಗೆ ಸಂಬಂಧಿಸಿದ ಒಂದು ಠರಾವನ್ನು ಗುರುತು ಮಾಡಿಕೊಳ್ಳಿ. ಆಮೇಲೆ ಆ ಜಾಗಕ್ಕೆ ಹೋಗಿ ನೋಡಿ. ಪುಸ್ತಕದಲ್ಲಿರುವುದು ಬೀದಿಯಲ್ಲೂ ಇದ್ದರೆ ಸಂತೋಷ. ಇಲ್ಲದಿದ್ದರೆ ಒಂದು ಅರ್ಜಿ ಬರೆಯಿರಿ, ಅದಕ್ಕೆ ನಂಬರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.