ಕಳವಾದ ಫೋನಿಗೆ ತಯಾರಕರ ಹೊಣೆ ಇಲ್ಲವೇ?

(ಆದೋನಿಯಲ್ಲಿ ಕನ್ನಡ ಮಾಧ್ಯಮ ಶಾಲೆಗಳ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಮಾತು ತಮಗೆ ಗೊತ್ತೇ ಇದೆ. ಪಠ್ಯಪುಸ್ತಕ ಬಂದಿಲ್ಲ, ಕನ್ನಡ ಶಿಕ್ಷಕರ ಹುದ್ದೆ ಖಾಲಿ ಇದೆ, ಹತ್ತನೆಯ ತರಗತಿಯ ನಂತರ ಮಕ್ಕಳು ಎಲ್ಲಿಗೆ ಹೋಗಬೇಕು, ಇವೇ. ಈ ದಿನ ನಾನು ಕಳವಾದ ಫೋನಿನ ಬಗ್ಗೆ ಮಾತನಾಡುತ್ತೇನೆಂದಾಗ ನಮ್ಮ ಸಹೋದ್ಯೋಗಿಗಳೊಬ್ಬರು ನಕ್ಕರು. ಭಾಷಾ ಅಲ್ಪಸಂಖ್ಯಾತರ ಹಕ್ಕಿಗೂ ಫೋನಿಗೂ ಏನು ಸಂಬಂಧವೆಂದು ಕೇಳಿದರು. ಸಂಬಂಧವಿದೆ. ಹೇಗೆಂಬುದನ್ನು ನಡೆದ ಒಂದು ಸಂಗತಿಯಿಂದಲೇ ಹೇಳುತ್ತೇನೆ.

ಕಳೆದ ಶ್ರಾವಣ ಸೋಮವಾರ ಉರುಕುಂದಿ ಈರಣ್ಣನ ದರ್ಶನಕ್ಕೆ ಹೋದ ನಮ್ಮ ಶಾಲೆಯ ಒಬ್ಬ ತಾಯಿ ಅಲ್ಲಿನ ಜನಜಂಗುಳಿಯಲ್ಲಿ ಫೋನು ಕಳೆದುಕೊಂಡರು. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಶಾಲೆಯ ಬಾಗಿಲಲ್ಲಿ ನಿಂತಿದ್ದರು. "ಸಾರ್, ಫೋನು ಹೋದರೆ ಹೋಗಲಿ, ನಮ್ಮ ಮನೆಯವರ ನಂಬರು ಅದರಾಗೇ ಐತಿ" ಎಂದರು. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾರೆ. ಆತನ ನಂಬರು ಆಕೆಗೆ ಬಾಯಿಪಾಠವಿಲ್ಲ. ಬ್ಯಾಂಕಿನ ಸಂದೇಶ ಬರುವುದು ಆ ನಂಬರಿಗೆ, ತಲ್ಲಿಕಿ ವಂದನಂ ಹಣ ಜಮೆಯಾದ ಸುದ್ದಿ ಬಂದದ್ದು ಆ ನಂಬರಿಗೆ, ಶಾಲೆಯ ಸೂಚನೆ ಬರುವುದೂ ಅದಕ್ಕೇ. ಫೋನನ್ನು ಕಂತಿನ ಮೇಲೆ ಕೊಂಡದ್ದು, ಇನ್ನೂ ನಾಲ್ಕು ಕಂತು ಬಾಕಿ.

ನಮ್ಮ ಸೀಮೆಯ ಸ್ಥಿತಿ ತಮಗೆ ತಿಳಿಯದ್ದಲ್ಲ. ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರ್ವಿ, ಆಲೂರು, ಯಾವ ಊರಿಗೆ ಹೋದರೂ ಮಳೆ ಕೈಕೊಟ್ಟ ವರ್ಷ ಬೀದಿಗಳು ಖಾಲಿ. ತಂದೆತಾಯಿ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಸುಗ್ಗಿಗೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಆ ಮಗು ಶಾಲೆ ಬಿಡದೆ ಕುಳಿತಿರುವುದು ರಾತ್ರಿ ಎಂಟಕ್ಕೆ ಅವ್ವನ ಫೋನು ಬರುತ್ತದೆ ಎಂಬ ಧೈರ್ಯದ ಮೇಲೆ. ಫೋನು ಕಳವಾದರೆ ನಮ್ಮ ತರಗತಿಯಲ್ಲಿ ಒಂದು ಮಗು ಕಡಿಮೆಯಾಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಆ ತಾಯಿಯನ್ನು ಕರೆದುಕೊಂಡು ನಾನು ಮೊದಲು ಹೋದದ್ದು ಅಂಗಡಿಗೆ. ಬಿಲ್ಲು ಕಳೆದಿದೆ, ಇನ್ನೊಂದು ಪ್ರತಿ ಕೊಡಿ ಎಂದರೆ ಸಿಗಲಿಲ್ಲ. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆವು. ಹಿಂದಿಗೆ ಇಷ್ಟು ಒತ್ತಿ, ಇಂಗ್ಲಿಷಿಗೆ ಇಷ್ಟು ಒತ್ತಿ ಎಂದಿತು. ಕೊನೆಗೆ ಸಿಕ್ಕವರು ಬಹಳ ಮರ್ಯಾದೆಯಿಂದ ಹೇಳಿದ್ದಿಷ್ಟೇ: ಕಳ್ಳತನಕ್ಕೂ ನಮಗೂ ಸಂಬಂಧವಿಲ್ಲ, ಪೊಲೀಸರ ಹತ್ತಿರ ಹೋಗಿ. ಠಾಣೆಗೆ ಹೋದೆವು. ನಾನು ಕನ್ನಡದಲ್ಲಿ ಬರೆದುಕೊಟ್ಟ ದೂರನ್ನು ತೆಲುಗಿನಲ್ಲಿ ಬರೆದುಕೊಂಡು ಬನ್ನಿ ಎಂದು ವಾಪಸು ಕೊಟ್ಟರು. ಐಎಂಇಐ ಸಂಖ್ಯೆ ಕೇಳಿದರು. ಆ ತಾಯಿಗೆ ಆ ಮಾತೇ ಹೊಸದು. ಹಾಗಾಗಿ ಅಂದು ಬರಿಗೈಯಲ್ಲಿ ಮರಳಿದೆವು.

ಐಎಂಇಐ ಎಂದರೆ ಪ್ರತಿ ಫೋನಿಗೂ ಇರುವ 15 ಅಂಕಿಗಳ ಗುರುತಿನ ಸಂಖ್ಯೆ. ಎರಡು ಸಿಮ್ ಹಾಕುವ ಫೋನಾದರೆ ಎರಡು ಸಂಖ್ಯೆ ಇರುತ್ತವೆ. ಸಿಮ್ ಬದಲಾದರೂ ಅದು ಬದಲಾಗುವುದಿಲ್ಲ. ಫೋನಿನಲ್ಲಿ ನಕ್ಷತ್ರದ ಗುರುತು, ಹ್ಯಾಷ್ ಗುರುತು, ಸೊನ್ನೆ, ಆರು, ಮತ್ತೆ ಹ್ಯಾಷ್ ಗುರುತು ಒತ್ತಿದರೆ ಅದು ಪರದೆಯ ಮೇಲೆ ಬರುತ್ತದೆ. ಫೋನು ಬಂದ ಪೆಟ್ಟಿಗೆಯ ಮೇಲೂ ಅಚ್ಚಾಗಿರುತ್ತದೆ. ಕಳವಾದ ಮೇಲೆ ಫೋನಿನಲ್ಲಿ ನೋಡಲು ಬರುವುದಿಲ್ಲ ಎಂಬುದನ್ನು ನಾನು ಹೇಳಬೇಕಾಗಿಲ್ಲ, ಆದರೆ ನಾವೆಲ್ಲರೂ ಅದನ್ನು ಮರೆತೇ ಇರುತ್ತೇವೆ. ಈ ರಾತ್ರಿಯೇ ಮಗುವಿನ ಕೈಯಿಂದ ಆ ಅಂಕಿಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆಸಿ. (ಕನ್ನಡ ಅಂಕಿಗಳಲ್ಲಿ ಬೇಡ. ಕನ್ನಡ ಮೇಷ್ಟರಾಗಿ ಇದನ್ನು ಹೇಳಲು ನನಗೆ ಸಂಕೋಚವೇ, ಆದರೂ ಬೇಡ.)

ಸಂಖ್ಯೆ ಕೈಯಲ್ಲಿದ್ದರೆ ಮುಂದಿನ ದಾರಿ ಇದೆ. ಕೇಂದ್ರ ದೂರಸಂಪರ್ಕ ಇಲಾಖೆ ಸಿಇಐಆರ್ ಎಂಬ ಒಂದು ದಾಖಲೆ ಇಟ್ಟಿದೆ. 2019ರಲ್ಲಿ ಮುಂಬಯಿಯಲ್ಲಿ ಪ್ರಯೋಗವಾಗಿ ಆರಂಭವಾಗಿ, 2023ರ ಮೇ ತಿಂಗಳಿನಿಂದ ಸಂಚಾರ್ ಸಾಥಿ ಎಂಬ ಹೆಸರಿನಡಿ ದೇಶಕ್ಕೆಲ್ಲ ಬಂದಿತು. ಮೊದಲು ಠಾಣೆಯಲ್ಲಿ ದೂರು ಕೊಟ್ಟು, ಹಳೆಯ ನಂಬರಿನದೇ ಹೊಸ ಸಿಮ್ ತೆಗೆದುಕೊಂಡು, ದೂರಿನ ಪ್ರತಿಯೊಂದಿಗೆ ಅಲ್ಲಿ ಅರ್ಜಿ ಹಾಕಿದರೆ ಆ ಫೋನು ದೇಶದ ಯಾವ ಕಂಪನಿಯ ಸಿಮ್ಮಿನಲ್ಲೂ ಕೆಲಸ ಮಾಡದಂತೆ ತಡೆಯುತ್ತಾರೆ. ಯಾರಾದರೂ ಅದಕ್ಕೆ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಫೋನಿನಲ್ಲಿ ಹಣ ಕಳಿಸುವ ಆ್ಯಪ್ ಇದ್ದರೆ ಇದೆಲ್ಲಕ್ಕಿಂತ ಮೊದಲು ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಫೋನು ಮಾಡಿ.

ಇಲ್ಲಿಯವರೆಗೆ ಸರ್ಕಾರದ ಪಾತ್ರ, ಪೊಲೀಸರ ಪಾತ್ರ, ಸಿಮ್ ಕಂಪನಿಗಳ ಪಾತ್ರ ಹೇಳಿದೆ. ಫೋನು ತಯಾರಿಸಿ ಹಣ ಎಣಿಸಿಕೊಂಡವರ ಪಾತ್ರ ಎಲ್ಲಿಯೂ ಬರಲಿಲ್ಲ. ನನ್ನ ಮಾತಿನ ಮುಖ್ಯ ವಿಷಯ ಇದೇ.

ತಯಾರಕರಿಗೆ ಏನೂ ಮಾಡಲು ಬರುವುದಿಲ್ಲವೇ? ಬರುತ್ತದೆ. ಕದ್ದ ಫೋನನ್ನು ಅಳಿಸಿ ಹೊಸದರಂತೆ ಮಾಡಿದರೂ ಹಳೆಯ ಮಾಲೀಕರ ಗುಪ್ತಪದವಿಲ್ಲದೆ ತೆರೆಯದಂತಹ ಬೀಗವನ್ನು ಆ್ಯಪಲ್ ಕಂಪನಿ 2013ರಲ್ಲೇ ತಂದಿತು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ 2015ರಲ್ಲಿ ತಂದಿತು. ಅದಾದರೂ ತಾನಾಗಿ ಬಂದ ಉಪಕಾರಬುದ್ಧಿಯಷ್ಟೇ ಅಲ್ಲ. ಅಮೆರಿಕದಲ್ಲಿ ಜನರೂ ಪೊಲೀಸ್ ಅಧಿಕಾರಿಗಳೂ ಒತ್ತಾಯಿಸಿದ್ದರು, ಕ್ಯಾಲಿಫೋರ್ನಿಯಾ ರಾಜ್ಯ 2014ರಲ್ಲಿ ಕಾನೂನನ್ನೇ ಮಾಡಿತು. ಕಸಿದುಕೊಂಡು ಓಡುವ ಚಲನೆಯನ್ನು ಗುರುತಿಸಿ ಪರದೆಗೆ ತಾನೇ ಬೀಗ ಹಾಕುವ ಸೌಲಭ್ಯವನ್ನು ಗೂಗಲ್ 2024ರಲ್ಲಿ ಕೊಟ್ಟಿದೆ. ಆದರೆ ಈ ಬೀಗಗಳು ಕೆಲಸ ಮಾಡಬೇಕಾದರೆ ಫೋನಿಗೆ ಮಾಲೀಕರದೇ ಖಾತೆ ಇರಬೇಕು, ಅದರ ಗುಪ್ತಪದ ಅವರಿಗೆ ಗೊತ್ತಿರಬೇಕು. ನಮ್ಮಲ್ಲಿ ಆಗುವುದೇನು? ಅಂಗಡಿಯ ಹುಡುಗನೇ ಯಾವುದೋ ಒಂದು ಖಾತೆ ತೆರೆದು ಕೈಗೆ ಕೊಡುತ್ತಾನೆ. ಆ ಬೀಗದ ಕೀಲಿ ಯಾರ ಹತ್ತಿರವೂ ಇಲ್ಲ.

ಇನ್ನೊಂದು ಸಂಗತಿ ಗಮನಿಸಿ. ಭಾರತದಲ್ಲಿ ತಯಾರಾದ ಪ್ರತಿ ಫೋನಿನ ಐಎಂಇಐ ಸಂಖ್ಯೆಯನ್ನು ಮೊದಲ ಮಾರಾಟಕ್ಕೆ ಮುಂಚೆ ಸರ್ಕಾರದ ಬಳಿ ನೋಂದಾಯಿಸಬೇಕೆಂಬ ನಿಯಮ 2023ರ ಜನವರಿ 1ರಿಂದ ಜಾರಿಯಲ್ಲಿದೆ. ಎಂದರೆ ಸಂಖ್ಯೆಗಳ ಲೆಕ್ಕ ಅವರ ಬಳಿ ಇದ್ದೇ ಇದೆ. ಇದಲ್ಲದೆ ಕಂತು ಕಟ್ಟದವರ ಫೋನಿಗೆ ದೂರದಿಂದಲೇ ಬೀಗ ಹಾಕುವ ವ್ಯವಸ್ಥೆಯನ್ನು ಸಾಲ ಕೊಡುವ ಸಂಸ್ಥೆಗಳು ಬಳಸಿದ್ದುಂಟು, ಅದಕ್ಕೆ ತಯಾರಕರು ಅನುಕೂಲ ಮಾಡಿಕೊಟ್ಟದ್ದೂ ಉಂಟು. ನಾಲ್ಕು ಕಂತು ಬಾಕಿಯಾದರೆ ಬೀಗ ಹಾಕಲು ಬರುತ್ತದೆ, ಕಳ್ಳನ ಕೈಯಲ್ಲಿದ್ದಾಗ ಮಾತ್ರ ಬರುವುದಿಲ್ಲ ಎಂದರೆ ಹೇಗೆ ನಂಬುವುದು? ಕಳೆದುಕೊಂಡವರು ಹೇಗೂ ಇನ್ನೊಂದು ಫೋನು ಕೊಳ್ಳಲೇಬೇಕು ಎಂಬುದೂ ಅವರಿಗೆ ಗೊತ್ತಿದೆ.

ಎದುರು ವಾದವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಲಂಡನ್ ನಗರದಲ್ಲಿ 2024ರಲ್ಲಿ ಸುಮಾರು 80,000 ಫೋನುಗಳು ಕಳವಾದವು. 2025ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿ ಆ್ಯಪಲ್, ಗೂಗಲ್ ಮೊದಲಾದ ಕಂಪನಿಗಳವರನ್ನು ಕರೆಸಿ, ಕಳವಾದ ಫೋನಿನ ಸಂಖ್ಯೆ ಕೊಟ್ಟರೆ ನಿಮ್ಮ ಸೇವೆಗಳನ್ನೇ ಅದಕ್ಕೆ ಏಕೆ ನಿಲ್ಲಿಸಬಾರದು ಎಂದು ಕೇಳಿತು. ಅಲ್ಲಿ ಕದ್ದ ಫೋನು ಸಮುದ್ರ ದಾಟಿ ಚೀನಾ ತಲುಪುತ್ತದೆ, ಅಲ್ಲಿಯ ಸಿಮ್ ಕಂಪನಿಗಳಿಗೆ ಲಂಡನ್ನಿನ ತಡೆ ಲೆಕ್ಕಕ್ಕಿಲ್ಲ. ತಯಾರಕರು ನಿಲ್ಲಿಸಿದರೆ ಎಲ್ಲಿಯೂ ನಡೆಯುವುದಿಲ್ಲ ಎಂಬುದು ಸಮಿತಿಯ ತರ್ಕ. ಆ್ಯಪಲ್‌ನವರು ಮುಂದಿಟ್ಟ ಆತಂಕವೆಂದರೆ ಸುಳ್ಳು ದೂರು. ಇದು ತಳ್ಳಿಹಾಕುವ ಮಾತಲ್ಲ. ಫೋನನ್ನು ಮಾರಿ ಹಣ ಪಡೆದು, ಆಮೇಲೆ ಕಳವಾಯಿತೆಂದು ಹೇಳುವವರು ನಮ್ಮಲ್ಲೂ ಇಲ್ಲವೇ? ಹಳೆಯ ಫೋನು ಕೊಳ್ಳುವವರು ಹೆಚ್ಚಾಗಿ ನಮ್ಮಂತಹವರೇ ಆದುದರಿಂದ ಆ ಪೆಟ್ಟು ನಮ್ಮವರಿಗೇ ಬೀಳುತ್ತದೆ. ಹಾಗೆಂದೇ ಪೊಲೀಸ್ ದೂರು ದಾಖಲಾದ ಮೇಲೆ ಮಾತ್ರ ತಯಾರಕರು ತಡೆಯಬೇಕು, ಬರೀ ಬಾಯಿಮಾತಿನ ಮೇಲೆ ಅಲ್ಲ ಎಂದು ನಾನೂ ಹೇಳುತ್ತೇನೆ.

ಇನ್ನೊಂದು ಭಯ ಇದಕ್ಕಿಂತ ದೊಡ್ಡದು. 2025ರ ನವೆಂಬರ್ ಕೊನೆಯಲ್ಲಿ, ಸಂಚಾರ್ ಸಾಥಿ ಆ್ಯಪನ್ನು ಪ್ರತಿ ಹೊಸ ಫೋನಿನಲ್ಲೂ ಹಾಕಿಯೇ ಮಾರಬೇಕೆಂದು ಕೇಂದ್ರ ಸರ್ಕಾರ ತಯಾರಕರಿಗೆ ಆದೇಶಿಸಿತು. ಸರ್ಕಾರ ನಮ್ಮ ಫೋನಿನೊಳಗೆ ಇಣುಕುತ್ತದೆಯೇ ಎಂಬ ಕೂಗೆದ್ದಿತು. ಡಿಸೆಂಬರ್ 3ರಂದು ಆ ಕಡ್ಡಾಯವನ್ನು ಹಿಂತೆಗೆದುಕೊಂಡರು. ಅದು ಸರಿಯೆಂದೇ ನನ್ನ ಅಭಿಪ್ರಾಯ. ಬೇಕಾದವರು ಹಾಕಿಕೊಳ್ಳಲಿ. ನಾನು ಹಾಕಿಕೊಂಡಿದ್ದೇನೆ, ಆದರೆ ತಮ್ಮ ಮೇಲೆ ಹೇರುವುದು ಬೇಡ. ಫೋನು ಎಲ್ಲಿದೆ, ಯಾರು ಮಾತಾಡಿದರು ಎಂಬುದನ್ನು ತಯಾರಕರು ನಮಗಾಗಲಿ ಬೇರೆಯವರಿಗಾಗಲಿ ಹೇಳಬೇಕೆಂದು ನಾನು ಕೇಳುತ್ತಿಲ್ಲ. ಕಳ್ಳನನ್ನು ಹಿಡಿಯುವುದು ಪೊಲೀಸರ ಕೆಲಸ. ಸಿಇಐಆರ್ ಪಟ್ಟಿಯಲ್ಲಿ ತಡೆಯಾದ ಸಂಖ್ಯೆಯ ಫೋನು ಅಳಿಸಿ ಮತ್ತೆ ಹೊಸದಾಗಿ ತೆರೆಯಲು ಹೊರಟಾಗ, ಇದು ಕಳವಿನ ಮಾಲು ಎಂದು ಪರದೆಯ ಮೇಲೆ ತೋರಿಸಿ ನಿಂತುಬಿಟ್ಟರೆ ಸಾಕು. ಫೋನಿನೊಳಗಿನ ಒಂದು ಚಿತ್ರವನ್ನೂ ನೋಡದೆ ಇದನ್ನು ಮಾಡಬಹುದು.

ಇದೇಕೆ ಬೇಕು? 2025ರ ಕೊನೆಯ ಹೊತ್ತಿಗೆ ದೇಶದಲ್ಲಿ ತಡೆಹಾಕಿದ ಫೋನುಗಳು 40 ಲಕ್ಷ ಮೀರಿದ್ದವು, ಮಾಲೀಕರ ಕೈಗೆ ಮರಳಿದವು 7 ಲಕ್ಷ ಚಿಲ್ಲರೆ. ಉಳಿದವು ಎಲ್ಲಿ? ಕೆಲವು ಬಿಡಿಭಾಗಗಳಾಗಿ ಹೋಗಿರಬಹುದು, ಕೆಲವು ಗಡಿ ದಾಟಿರಬಹುದು, ಕೆಲವಕ್ಕೆ ಐಎಂಇಐ ಸಂಖ್ಯೆಯನ್ನೇ ತಿದ್ದಿರಬಹುದು. ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿಯವರೆಗೆ ದಂಡವಿದೆ. ಆದರೆ ತಿದ್ದಲು ಬರುವಂತಹ ಫೋನನ್ನು ತಯಾರಿಸಿ ಮಾರಿದವರನ್ನೂ ಒಂದು ಮಾತು ಕೇಳಬೇಕಲ್ಲವೇ?

ಈಗ ನಮ್ಮ ಭಾಷೆಯ ವಿಷಯಕ್ಕೆ ಬರುತ್ತೇನೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗೆರೆ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಸಂವಿಧಾನದ 350ನೇ ವಿಧಿ, ಯಾವ ವ್ಯಕ್ತಿಯೂ ತನ್ನ ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗೇ ಆಗಲಿ ಸಲ್ಲಿಸಬಹುದೆಂದು ಹೇಳುತ್ತದೆ. ನಾವು ನಮ್ಮ ಶಾಲೆಗಳಿಗಾಗಿ 350ಎ ವಿಧಿಯನ್ನು ಎಷ್ಟೋ ಸಲ ಎತ್ತಿದ್ದೇವೆ, ಅದರ ಮುಂದೆಯೇ ನಿಂತಿರುವ 350ನ್ನು ಮರೆತೇಬಿಟ್ಟಿದ್ದೇವೆ. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಅಪರಾಧ ಪ್ರಕ್ರಿಯೆಯ ಕಾನೂನಿನಲ್ಲಿ, ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ದೂರುದಾರರಿಗೆ ಓದಿ ಹೇಳಬೇಕು, ಎಫ್‌ಐಆರ್ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು ಎಂದಿದೆ. ಫೋನು ಗುಂಟೂರಿನಲ್ಲಿ ಕಳವಾದರೂ ಆದೋನಿಯಲ್ಲಿ ದೂರು ಕೊಡಬಹುದು. ಸುಗ್ಗಿಗೆ ಹೋಗುವವರು ಇದನ್ನು ನೆನಪಿಡಿ.

ಸರ್ಕಾರದ ಕಚೇರಿಗೆ ಈ ವಿಧಿ ಇದೆ, ತಯಾರಕರಿಗೆ ಅಂತಹದು ಯಾವುದೂ ಇಲ್ಲ. ಹಬ್ಬದ ಜಾಹೀರಾತು ಮಾತ್ರ ಅಚ್ಚಗನ್ನಡದಲ್ಲಿ ಬರುತ್ತದೆ. ಕಳವಾದಾಗ ಏನು ಮಾಡಬೇಕೆಂಬ ಒಂದು ಹಾಳೆ ಕನ್ನಡದಲ್ಲಿ ಪೆಟ್ಟಿಗೆಯೊಳಗೆ ಇರಬೇಕು, ಸಹಾಯವಾಣಿಯಲ್ಲಿ ಕನ್ನಡ ಬಲ್ಲ ಒಬ್ಬರು ಸಿಗಬೇಕು. ಕರ್ನಾಟಕದಲ್ಲಿ ಮಾತ್ರವಲ್ಲ, ಗಡಿಯಾಚೆಯಿಂದ ಫೋನು ಮಾಡಿದರೂ ಸಿಗಬೇಕು. ಇಷ್ಟನ್ನು ಕೇಳುವ ಅರ್ಜಿಯೊಂದನ್ನು ದೂರಸಂಪರ್ಕ ಇಲಾಖೆಗೂ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳಿಸಲು ಬರೆದಿಟ್ಟಿದ್ದೇನೆ. ಸಹಿ ಹಾಕುವವರು ಸಭೆ ಮುಗಿದ ಮೇಲೆ ಮೇಜಿನ ಹತ್ತಿರ ಬನ್ನಿ. ಹೆಬ್ಬೆಟ್ಟಾದರೂ ಆದೀತು.

ಹಳೆಯ ಫೋನು ಕೊಳ್ಳುವವರಿಗೆ ಒಂದು ಮಾತು. ಇಂಗ್ಲಿಷಿನಲ್ಲಿ ಕೆ, ವೈ, ಎಂ ಎಂಬ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಆ 15 ಅಂಕಿಗಳನ್ನು ಹಾಕಿ 14422ಕ್ಕೆ ಸಂದೇಶ ಕಳಿಸಿದರೆ ಆ ಫೋನಿನ ಸ್ಥಿತಿ ತಿಳಿಯುತ್ತದೆ. ಹಣ ಕೊಡುವ ಮೊದಲೇ ಕಳಿಸಿ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಫೋನು ಇನ್ನೊಬ್ಬ ತಾಯಿಯದಾಗಿರಬಹುದು.

ಆ ತಾಯಿಯ ಸಂಗತಿ ಅರ್ಧಕ್ಕೆ ಬಿಟ್ಟೆ. ಎರಡು ದಿನವಾದ ಮೇಲೆ ತರಗತಿಯಲ್ಲಿ ಆಕೆಯ ಮಗಳು ಪೆನ್ಸಿಲ್ ತೆಗೆಯಲು ಒಂದು ರಟ್ಟಿನ ಪೆಟ್ಟಿಗೆ ತೆರೆದಳು. ನೋಡಿದರೆ ಅದು ಫೋನಿನ ಪೆಟ್ಟಿಗೆ! ಕೆಳಬದಿಯಲ್ಲಿ ಎರಡೂ ಸಂಖ್ಯೆಗಳು ಅಚ್ಚಾಗಿದ್ದವು. ದೂರು ದಾಖಲಾಯಿತು, ತಡೆಯೂ ಬಿದ್ದಿತು. ಫೋನು ಇಂದಿಗೂ ಸಿಕ್ಕಿಲ್ಲ, ಕಂತುಗಳನ್ನು ಮಾತ್ರ ಆಕೆ ಕಟ್ಟಿ ಮುಗಿಸಿದ್ದಾರೆ. ಪೆಟ್ಟಿಗೆ ಈಗಲೂ ಆ ಹುಡುಗಿಯ ಚೀಲದಲ್ಲೇ ಇದೆ. ಮುಚ್ಚಳದ ಒಳಗಡೆ ಅಪ್ಪನ ನಂಬರನ್ನು ದಪ್ಪಕ್ಷರದಲ್ಲಿ ಬರೆದುಕೊಂಡಿದ್ದಾಳೆ.