ಕೈಯಲ್ಲೂ ಒಂದು ಭಾಷೆಯಿದೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 1989ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಈಗ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಶಾಲೆಯ ನೆನಪುಗಳನ್ನು ಹೇಳಲು ನನಗಿಂತ ಹಿರಿಯರಿದ್ದಾರೆ. ಓದಿದ ಕೆಲವು ಪುಸ್ತಕ, ನೋಡಿದ ಕೆಲವು ಚಿತ್ರಗಳನ್ನು ಹಿಡಿದುಕೊಂಡು ನಾನು ಬೇರೊಂದು ವಿಷಯ ಹೇಳುತ್ತೇನೆ. ಅದು ಕಿವಿ ಕೇಳದವರ ಭಾಷೆ.

'ಮೂಗ ಕಂಡ ಕನಸಿನಂತೆ' ಎಂಬ ಮಾತು ನಮ್ಮಲ್ಲಿದೆ. ಕಂಡದ್ದನ್ನು ಹೇಳಲಾಗದ ಸ್ಥಿತಿ ಎಂದು ಅರ್ಥ. ಆದರೆ ಬಸ್ ನಿಲ್ದಾಣದಲ್ಲಿ ಇಬ್ಬರು ಕಿವುಡರು ಕೈಯಾಡಿಸುತ್ತ ಮಾತಾಡುವುದನ್ನು ನೋಡಿ. ಅವರು ಕನಸನ್ನೂ ಹೇಳುತ್ತಾರೆ, ಜಗಳವನ್ನೂ ಆಡುತ್ತಾರೆ, ತಮಾಷೆ ಮಾಡಿ ನಗುತ್ತಾರೆ. ಅರ್ಥವಾಗದೆ ನಿಂತವರು ನಾವು.

ನನ್ನನ್ನು ಈ ವಿಷಯಕ್ಕೆ ಎಳೆದವಳು ನನ್ನ ತಂಗಿಯ ಮಗಳು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು. ಈಗ ಏಳನೇ ತರಗತಿ. ಮನೆಯಲ್ಲಿ ಅಮ್ಮ ಮಗಳು ಕಟ್ಟಿಕೊಂಡ ಸನ್ನೆಗಳಿವೆ: ಹಾಲು, ದನ, ಜ್ವರ, ಅಜ್ಜಿ. 'ಯಾಕೆ' ಎಂದು ಕೇಳಲು ಸನ್ನೆಯಿಲ್ಲ. ಹದಿಮೂರು ವರ್ಷದ ಹುಡುಗಿ 'ಯಾಕೆ' ಎಂದು ಕೇಳದೆ ದಿನ ಕಳೆಯುವುದು ಹೇಗೆ, ಯೋಚಿಸಿ. ಬರುವ ಜೂನ್‌ಗೆ ಅವಳು ಇದೇ ಶಾಲೆಯ ಎಂಟನೇ ತರಗತಿಗೆ ಬರಬೇಕು.

ನಾನು ಮೊದಲು ಓದಿದ್ದು ನೋರಾ ಎಲೆನ್ ಗ್ರೋಸ್ ಅವರು 1985ರಲ್ಲಿ ಪ್ರಕಟಿಸಿದ ಪುಸ್ತಕ. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದ ಕಥೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಸುಮಾರು 155 ಜನರಲ್ಲಿ ಒಬ್ಬರು ಹುಟ್ಟುಕಿವುಡರು. ಸಂಬಂಧದೊಳಗೇ ಮದುವೆಗಳಾಗಿ ವಂಶದಲ್ಲಿ ಇಳಿದು ಬಂದದ್ದು. ಆದ್ದರಿಂದ ಕಿವಿ ಕೇಳುವವರೂ ಚಿಕ್ಕಂದಿನಿಂದ ಸನ್ನೆ ಭಾಷೆ ಕಲಿತರು. ಮೀನು ಹಿಡಿಯುವಾಗ, ಅಂಗಡಿಯಲ್ಲಿ, ಊರ ಸಭೆಯಲ್ಲಿ, ಎಲ್ಲೆಲ್ಲೂ ಅದನ್ನೇ ಬಳಸಿದರು. ಮುದುಕರನ್ನು ಹಳಬರ ಬಗ್ಗೆ ಕೇಳಿದರೆ, ಅವನು ಒಳ್ಳೆಯ ಬೆಸ್ತ ಎಂದು ಮೊದಲು ಹೇಳುತ್ತಿದ್ದರಂತೆ. ಕಿವುಡನಾಗಿದ್ದನೆಂಬುದು ಆಮೇಲೆ ನೆನಪಾಗುತ್ತಿತ್ತು. ಕಿವಿ ಅದೇ ಇತ್ತು, ಊರು ಬೇರೆಯಾಗಿತ್ತು.

ಅಂಥ ಊರು ದೂರದ ಅಮೆರಿಕದಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ನಮ್ಮ ಗೌರಿಬಿದನೂರು ತಾಲೂಕಿನ ಅಲಿಪುರದಲ್ಲಿ ಕಿವುಡರ ಸಂಖ್ಯೆ ಹೆಚ್ಚು. ಅಲ್ಲಿಯದೇ ಒಂದು ಸನ್ನೆ ಭಾಷೆ ಬೆಳೆದಿದೆ. ಕಿವಿ ಕೇಳುವ ನೆಂಟರೂ ನೆರೆಯವರೂ ಅದರಲ್ಲಿ ಮಾತಾಡುತ್ತಾರೆ. ಶಿಬಾಜಿ ಪಂಡಾ ಎಂಬ ಭಾಷಾ ವಿದ್ವಾಂಸರು ಅದನ್ನು ಅಧ್ಯಯನ ಮಾಡಿ 2012ರಲ್ಲಿ ಬರೆದಿದ್ದಾರೆ.

ಸನ್ನೆ ಭಾಷೆಯೆಂದರೆ ಬರೀ ಕೈ ಬೀಸುವುದಲ್ಲ. 1960ರಲ್ಲಿ ವಿಲಿಯಂ ಸ್ಟೋಕೀ ಎಂಬ ಪ್ರಾಧ್ಯಾಪಕರು ಇದಕ್ಕೂ ವ್ಯವಸ್ಥಿತ ರಚನೆಯಿದೆ ಎಂದು ತೋರಿಸಿಕೊಟ್ಟರು. ಬೆರಳುಗಳ ಆಕಾರ, ಕೈ ಇರುವ ಜಾಗ, ಚಲನೆ, ಇವುಗಳಲ್ಲಿ ಒಂದು ಬದಲಾದರೂ ಪದವೇ ಬೇರೆ. ಹುಬ್ಬು ಏರಿಸಿದರೆ ಪ್ರಶ್ನೆ. ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ, ನಮ್ಮ 'ನಿನ್ನ ಹೆಸರೇನು' ಎಂಬಂತೆಯೇ. ಲೋಕಕ್ಕೆಲ್ಲ ಒಂದೇ ಸನ್ನೆ ಭಾಷೆ ಎಂಬುದೂ ತಪ್ಪು. ಇಂಗ್ಲೆಂಡಿನ ಕಿವುಡರ ಭಾಷೆ ಅಮೆರಿಕದವರಿಗೆ ತಿಳಿಯದು.

ಹೀಗಿದ್ದರೂ 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಕಿವುಡ ಮಕ್ಕಳಿಗೆ ತುಟಿ ನೋಡಿ ಮಾತು ಕಲಿಸಬೇಕು, ಸನ್ನೆ ಬೇಡ ಎಂದು ತೀರ್ಮಾನಿಸಿತು. ಅಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಆಮೇಲೆ ಹಲವು ದೇಶಗಳಲ್ಲಿ ತಲೆಮಾರುಗಳವರೆಗೆ ಮಕ್ಕಳ ಕೈ ಕಟ್ಟಿಹಾಕಿದಂತಾಯಿತು.

ಕಿವುಡರೇ ಬರೆದ ಪುಸ್ತಕಗಳೂ ಇವೆ. ಮದನ್ ವಸಿಷ್ಠ ಅವರ 'ಡೆಫ್ ಇನ್ ಡೆಲ್ಲಿ' 2006ರಲ್ಲಿ ಬಂದ ಆತ್ಮಕಥೆ. ಹನ್ನೊಂದನೇ ವಯಸ್ಸಿನಲ್ಲಿ ಕಾಯಿಲೆ ಬಿದ್ದು ಕಿವಿ ಕಳೆದುಕೊಂಡ ಹಳ್ಳಿ ಹುಡುಗ, ದೆಹಲಿಗೆ ಹೋದ ಮೇಲೆ ಇತರ ಕಿವುಡರ ನಡುವೆ ಸನ್ನೆ ಭಾಷೆ ಕಂಡುಕೊಂಡ. ಮುಂದೆ ಅಮೆರಿಕದ ಗ್ಯಾಲೋಡೆಟ್‌ನಲ್ಲಿ ಓದಿ, ಭಾರತೀಯ ಸನ್ನೆ ಭಾಷೆಯ ಅಧ್ಯಯನಕ್ಕೆ ಕೈಹಾಕಿದ. ಆ ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ಸನ್ನೆಗಳೂ ಸೇರಿವೆ.

ಸಿನಿಮಾಕ್ಕೆ ಬಂದರೆ, 1972ರ 'ಕೋಶಿಶ್' ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಗುಲ್ಜಾರ್ ನಿರ್ದೇಶನ. ಸಂಜೀವ್ ಕುಮಾರ್, ಜಯಾ ಭಾದುರಿ ಕಿವುಡ ದಂಪತಿಯಾಗಿ ಮನಮುಟ್ಟುವಂತೆ ನಟಿಸಿದರು. ಆದರೆ ಅವರಿಬ್ಬರೂ ಕಿವಿ ಕೇಳುವವರು. 2021ರ ಅಮೆರಿಕದ 'ಕೋಡಾ' ಚಿತ್ರದಲ್ಲಿ ಅಪ್ಪ, ಅಮ್ಮ, ಅಣ್ಣ ಮೂವರ ಪಾತ್ರವನ್ನೂ ಕಿವುಡ ಕಲಾವಿದರೇ ಮಾಡಿದರು. ಅಪ್ಪನಾಗಿದ್ದ ಟ್ರಾಯ್ ಕಾಟ್ಸರ್‌ಗೆ ಆಸ್ಕರ್ ಬಂತು, ಚಿತ್ರಕ್ಕೂ ಬಂತು. ನೋಡುವಾಗ ಅಯ್ಯೋ ಪಾಪ ಅನಿಸುವುದಿಲ್ಲ. ಅವರು ಬೈಯುತ್ತಾರೆ, ರೇಗಿಸುತ್ತಾರೆ, ವ್ಯಾಪಾರಕ್ಕೆ ಹೊಡೆದಾಡುತ್ತಾರೆ. ನಮ್ಮ ಮನೆಯವರಂತೆಯೇ ಇದ್ದಾರೆ.

ಇವೆಲ್ಲ ಓದಿ, ನೋಡಿ ನನಗೆ ತಿಳಿದದ್ದಿಷ್ಟು. ಮಗುವಿಗೆ ಕೇಳದಿರುವುದು ಒಂದು ಕಷ್ಟ. ಮಾತಾಡಲು ಜೊತೆಯಿಲ್ಲದಿರುವುದು ಅದಕ್ಕಿಂತ ದೊಡ್ಡ ಕಷ್ಟ. ಮೊದಲನೆಯದಕ್ಕೆ ವೈದ್ಯರು, ಶ್ರವಣಯಂತ್ರ ಕೈಲಾದಷ್ಟು ಮಾಡಲಿ. ಎರಡನೆಯದು ನಮ್ಮ ಕೈಯಲ್ಲಿದೆ.

ತಂಗಿ ಮಗಳನ್ನು ದೂರದ ಕಿವುಡರ ಶಾಲೆಯ ಹಾಸ್ಟೆಲ್‌ಗೆ ಕಳಿಸುವುದೋ, ಇಲ್ಲೇ ಇರಿಸಿಕೊಳ್ಳುವುದೋ ಎಂದು ಮನೆಯಲ್ಲಿ ದಿನವೂ ಮಾತು. ಅಲ್ಲಿ ಭಾಷೆ ಸಿಗುತ್ತದೆ, ಅಮ್ಮ ಇರುವುದಿಲ್ಲ. ಇಲ್ಲಿ ಅಮ್ಮ ಇದ್ದಾಳೆ, ಭಾಷೆ ಇಲ್ಲ. ಈ ತಕ್ಕಡಿಯ ಒಂದು ತಟ್ಟೆಯಲ್ಲಿ ನಮ್ಮ ಶಾಲೆ ಏನಾದರೂ ಇಡಬಹುದೇ ಎಂದು ಕೇಳಲು ಬಂದಿದ್ದೇನೆ.

ಸಾಧನಗಳಿಗೆ ಕೊರತೆಯಿಲ್ಲ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅದು ತಯಾರಿಸಿದ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಿದ್ದವು. ಎಲ್ಲವೂ ವಿಡಿಯೋ, ಮೊಬೈಲ್‌ನಲ್ಲಿ ಉಚಿತ. ಎನ್‌ಸಿಇಆರ್‌ಟಿ ಪಠ್ಯಗಳನ್ನು ಸನ್ನೆ ಭಾಷೆಗೆ ತರಲು 2020ರಲ್ಲಿ ಒಪ್ಪಂದವಾಯಿತು.

ನನ್ನ ಕೋರಿಕೆ ಮೂರು. ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ಒಬ್ಬ ಕಿವುಡ ಶಿಕ್ಷಕರನ್ನು ಬೇಸಿಗೆ ರಜೆಯಲ್ಲಿ ಕರೆಸಿ ಶಿಬಿರ ಮಾಡೋಣ. ಮೊದಲ ವರ್ಷದ ಖರ್ಚಿಗೆ ನಾನು ಸೇರುತ್ತೇನೆ. ಗುರುಗಳೇ, ಪಾಠ ಮಾಡುವಾಗ ಹಲಗೆಯ ಕಡೆ ತಿರುಗಿ ಮಾತಾಡದೆ, ಮುಖ ಕಾಣುವಂತೆ ನಿಂತು ಹೇಳಿ. ಮಕ್ಕಳೇ, ದಿನಕ್ಕೆ ಎರಡು ಸನ್ನೆ ಕಲಿತರೂ ಜೂನ್ ಹೊತ್ತಿಗೆ ನಿಮ್ಮ ಹೊಸ ಗೆಳತಿಯೊಡನೆ ಹರಟಬಹುದು. 'ಯಾಕೆ' ಎಂಬುದರಿಂದಲೇ ಶುರುಮಾಡಿ.

ಊರಿನವರಲ್ಲಿ ಒಂದೇ ಮಾತು. ಅವಳನ್ನು 'ಮೂಗಿ' ಎಂದು ಕರೆಯಬೇಡಿ. ಅವಳಿಗೆ ಹೆಸರಿದೆ. ಕರೆಯಬೇಕಾದರೆ ಭುಜ ಮುಟ್ಟಿ, ಇಲ್ಲವೇ ಕಣ್ಣಿಗೆ ಬೀಳುವಂತೆ ಕೈ ಆಡಿಸಿ. ತಿರುಗಿ ನೋಡುತ್ತಾಳೆ.