ಗುಡ್ಡದ ಮೇಲಿನ ಪಾಠ

1904ರಲ್ಲಿ ಕುವೆಂಪು ಹುಟ್ಟಿದ ಹಿರೇಕೊಡಿಗೆಯ ವಿದ್ಯಾರ್ಥಿನಿ ನಾನು.

ಕೊರೊನಾದಿಂದ 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಕರೆಂಟಿದ್ದರೆ ಟಿವಿಯಲ್ಲಿ ಚಂದನ ವಾಹಿನಿಯ ‘ಸಂವೇದ’ ಪಾಠ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಅಪ್ಪನೊಬ್ಬರು, ರಸ್ತೆಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ನೀವೂ ನೋಡಿರಬಹುದು. ಪಾಠ ಅಷ್ಟು ದುಬಾರಿಯಾಗಿತ್ತು ನಮಗೆ.

ಈಗ ಮನೆಯೊಳಗೇ ವೈಫೈ. ರೀಲ್ಸ್ ನೋಡುತ್ತ ನಡುರಾತ್ರಿಯಾಗುತ್ತದೆ. ಹಾಕಿದ ಫೋಟೊಗೆ ಯಾರೋ ಕೆಟ್ಟದಾಗಿ ಬರೆದರೆ ಮಾರನೇ ದಿನ ಗೆಳತಿ ಬಸ್ಸಿನಲ್ಲಿ ಮುಖ ತಿರುಗಿಸಿ ಕೂರುತ್ತಾಳೆ, ತರಗತಿಯಲ್ಲೂ ಮಾತಿಲ್ಲ. ‘ಮೊಬೈಲ್ ಇಡು’ ಎನ್ನುವವರು ಬಹಳ, ‘ಏನಾಯ್ತು ಮಗಳೇ’ ಎನ್ನುವವರು ಕಡಿಮೆ. ಅಪ್ಪ, ಅಮ್ಮ, ಮೇಷ್ಟ್ರೇ, ಬೈಯುವ ಮೊದಲು ಒಂದು ಸಂಜೆ ನಮ್ಮ ಪಕ್ಕ ಕೂತು ಕೇಳಿ. ನಾವು ಹೇಳುತ್ತೇವೆ.